ಕಡ್ಡಿಪೆಟ್ಟಿಗೆ ಮೇಸ್ತ್ರಿಯ ಸಹಿ

ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ಜೇಬಿನಲ್ಲಿ ಸದಾ ಒಂದು ಕಡ್ಡಿಪೆಟ್ಟಿಗೆ. ಹಾಗಾಗಿ ವೈರಿಂಗ್ ಕೆಲಸದವರಿಗೆಲ್ಲ ಅವರು ಕಡ್ಡಿಪೆಟ್ಟಿಗೆ ಮೇಸ್ತ್ರಿ. ಹೊಸ ವೈರಿನ ಸುರುಳಿ ಬಂದರೆ ಗೇಣುದ್ದ ಕತ್ತರಿಸಿ, ಕಡ್ಡಿ ಗೀರಿ, ಸುಟ್ಟು ನೋಡುತ್ತಿದ್ದರು. ಸುರುಳಿಯ ಮೇಲಿನ ಅಕ್ಷರ ಓದುತ್ತಿದ್ದುದು ಆಮೇಲೆ. ಮೂವತ್ತೊಂದು ವರ್ಷ ಇದೇ ಕ್ರಮ.

ಆಗ ಅವರ ಕೈಯಲ್ಲಿದ್ದುದು ಮೂರಂತಸ್ತಿನ ಕಟ್ಟಡ. ಮೇಲಿನ ಮಹಡಿಗೆ ಡಯಾಲಿಸಿಸ್ ಕೇಂದ್ರ ಬರಲಿತ್ತು. ಎದ್ದು ಓಡಲಾಗದವರು ಮಲಗುವ ಇಂಥ ಜಾಗಕ್ಕೆ, ಸುಟ್ಟರೂ ಕಪ್ಪು ಹೊಗೆ ಕಾರದ ವೈರನ್ನೇ ಎಳೆಯಬೇಕೆಂದು ನಿಯಮ. ಮೇಸ್ತ್ರಿ ಸಾಮಾನಿನ ಪಟ್ಟಿಯಲ್ಲಿ ಅದನ್ನೇ ಕಂಟ್ರಾಕ್ಟರಿಗೆ ಬರೆದುಕೊಟ್ಟು, ಎರಡು ದಿನ ರಜೆ ಹಾಕಿ ಅಕ್ಕನ ಜೊತೆ ಆಸ್ಪತ್ರೆಗೆ ಹೋದರು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಅಕ್ಕ ಅಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕಿತ್ತು.

"ಬೆಂಕಿ ಬಿದ್ರೆ ಓಡ್ಬೇಕಂತೆ ಕಣೋ, ಗೋಡೆ ಮೇಲೆ ಬಾಣ ಬರೆದಿದಾರೆ," ಎಂದು ಅಕ್ಕ ನಕ್ಕಿದ್ದಳು. "ಕೈಗೆ ಎರಡು ಸೂಜಿ ಚುಚ್ಚಿರ್ತಾರೆ. ಮಷೀನನ್ನ ಕಂಕುಳಲ್ಲಿ ಎತ್ಕೊಂಡು ಓಡ್ಲಾ?"

ಮರಳಿ ಬಂದಾಗ ಕಾರಿಡಾರಿನುದ್ದಕ್ಕೂ ವೈರ್ ಎಳೆದು ಮುಗಿದಿತ್ತು. ಮೇಸ್ತ್ರಿ ನೆಲದಲ್ಲಿ ಬಿದ್ದಿದ್ದ ತುಂಡೊಂದನ್ನು ಸುಟ್ಟರು. ಮಸಿಯಂಥ ಹೊಗೆ ಎದ್ದಿತು.

"ಇದ್ಯಾವ ವೈರ್ ಎಳೆಸಿದೀರಾ ಸಾರ್?"

"ಬೆಂಕಿ ಹರಡದ ವೈರ್ ಕಣಪ್ಪ!" ಎಂದ ಕಂಟ್ರಾಕ್ಟರ್. "ಸುರುಳಿ ಮೇಲೇ ಅಚ್ಚಾಗಿದೆ, ನೋಡು."

"ಬೆಂಕಿ ಹರಡಲ್ಲ, ಒಪ್ಕೊಂಡೆ. ಹೊಗೆ? ಹರಡ್ಬೇಡ ಅಂತ ಅದಕ್ಕೆ ನೀವು ಹೇಳಿ ಬರ್ತೀರಾ?"

"ಛಾವಣಿ ಹಲಗೆ ಮುಚ್ಚಿದ ಮೇಲೆ ಯಾರಪ್ಪ ನೋಡ್ತಾರೆ? ಸೋಮವಾರ ಉದ್ಘಾಟನೆ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರಿಗೆ ಹೋಗೋ ವೈರಿಂಗ್ ವರದಿ ಇದು, ಸುಮ್ನೆ ಸಹಿ ಹಾಕು."

ಮೇಸ್ತ್ರಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ತಿಳಿಯದೆ ಮಾಡಿದ್ದರೆ ತಿಳಿಹೇಳಬಹುದಿತ್ತು. ತಿಳಿದೂ ಮುಚ್ಚಿಡುವವನಿಗೆ ಮಾತೇಕೆ? ಪಕ್ಕದ ಸ್ಟೋರ್ ರೂಮಿಗೆ ಕರೆದೊಯ್ದು, ಬಾಗಿಲು ಹಾಕಿ, ಅದೇ ವೈರನ್ನು ಗೇಣುದ್ದ ಸುಟ್ಟರು. ಆ ಹೊಗೆಯಲ್ಲಿ ಆಮ್ಲವಿರುತ್ತದೆ; ಕಣ್ಣಿನ, ಗಂಟಲಿನ ಪಸೆ ತಾಕಿದೊಡನೆ ಸುಡುತ್ತದೆ. ಅರ್ಧ ನಿಮಿಷದೊಳಗೆ ಕಂಟ್ರಾಕ್ಟರ್ ಕೆಮ್ಮುತ್ತ ಬಾಗಿಲು ತಳ್ಳಿ ಹೊರಬಿದ್ದ.

"ಬಾಗಿಲು ನಿಮ್ಮ ಕೈಗೆ ಸಿಕ್ತು ಸಾರ್," ಎಂದರು ಮೇಸ್ತ್ರಿ, ತಾವೂ ಕಣ್ಣೊರೆಸಿಕೊಳ್ಳುತ್ತ. "ಯಾಕಂದ್ರೆ ಆ ಕೈಗೆ ಸೂಜಿ ಚುಚ್ಚಿರ್ಲಿಲ್ಲ."

"ಸಹಿ ಹಾಕ್ತೀಯೋ, ಬೇರೆ ಮೇಸ್ತ್ರಿಯನ್ನ ಕರೀಲೋ?"

"ಹಾಕ್ತೀನಿ, ಕೊಡಿ."

ವರದಿಯಲ್ಲಿ 'ವೈರಿನ ಬಗೆ' ಎಂಬ ಕಡೆ ದಪ್ಪ ಅಕ್ಷರದಲ್ಲಿ ಬರೆದರು: 'ನಿಯಮದ ವೈರ್ ಅಲ್ಲ. ಸುಟ್ಟರೆ ಕಪ್ಪು ಹೊಗೆ.' ಕೆಳಗೆ ಸಹಿ, ಲೈಸೆನ್ಸ್ ನಂಬರು. ಕಾಗದ ಮಡಚಿ ಕಡ್ಡಿಪೆಟ್ಟಿಗೆಯ ಜೊತೆ ಜೇಬಿಗಿಳಿಸಿದರು. "ಇನ್‌ಸ್ಪೆಕ್ಟರ್ ಆಫೀಸು ನಮ್ಮನೆ ದಾರೀಲೇ ಇದೆ. ನಾನೇ ಕೊಟ್ಟು ಹೋಗ್ತೀನಿ." ಕೊಟ್ಟೇ ಹೋದರು.

ಮುಂದಿನ ವಾರ ಅಕ್ಕ ಮಲಗಿದಲ್ಲಿಂದಲೇ ಕೇಳಿದಳು: "ಕೆಲಸ ಹೋಯ್ತಂತೆ?"

"ಹೋಯ್ತು. ಆ ವೈರೂ ಹೋಯ್ತು, ಇನ್‌ಸ್ಪೆಕ್ಟರು ಅಷ್ಟೂ ಕೀಳಿಸಿದ್ರು."

"ಮತ್ತೆ ಮುಖ ಯಾಕೋ ಇನ್ನೂ ಕೆಂಡದ ಹಾಗಿದೆ?"

"ಒಂದು ಗೇಣು ವೈರಿನ ಹೊಗೆಯನ್ನ ಅರ್ಧ ನಿಮಿಷ ತಡ್ಕೊಳ್ಳಕ್ಕಾಗದವನು, ನಿಮ್ಮಂಥೋರ ತಲೆ ಮೇಲೆ ನೂರಾರು ಮಾರು ಎಳೆಸಿದ್ನಲ್ಲ, ಅಕ್ಕಾ!"