ಮೆಟ್ಟಿಗೆ ಹಾಕಿಸಿದ ಟೈರು

ನಮ್ಮ ಊರಿನಿಂದ ಹೊಸೂರಿನ ಟಾರು ರಸ್ತೆಗೆ ಬಂದು ಸೇರಲು ಎರಡು ದಾರಿಗಳಿದ್ದವು. ಒಂದು ಗಾಡಿ ದಾರಿ. ಅದು ಕೆರೆಯನ್ನು ಸುತ್ತಿ, ಹುಣಿಸೆ ತೋಪಿನ ಪಕ್ಕ ಹಾದು, ತೊರಪಲ್ಲಿ ಅಗ್ರಹಾರದ ಕಡೆಗೆ ತನ್ನ ಪಾಡಿಗೆ ತಾನು ನಿಧಾನವಾಗಿ ಹೋಗುತ್ತಿತ್ತು. ಇನ್ನೊಂದು ಬಂಡೆ ದಾರಿ. ಅದಕ್ಕೆ ದಾರಿ ಎಂದು ಹೆಸರಿಟ್ಟವು ಮೇಕೆಗಳೇ ಇರಬೇಕು. ಊರ ಹಿಂದಿನ ಬೋಳು ಬಂಡೆಯನ್ನು ಹತ್ತಿ, ಆ ಕಡೆಯ ಕಲ್ಲು ಮಣ್ಣಿನ ಇಳಿಜಾರಿನಲ್ಲಿ ಇಳಿದರೆ ಅರ್ಧಕ್ಕರ್ಧ ಹೊತ್ತು ಉಳಿಯುತ್ತಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಹೊಸೂರಿನ ಗಡಿಯಾರದ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ನಾನು ಹಿಡಿದದ್ದು ಈ ಬಂಡೆ ದಾರಿಯನ್ನು. ಅದೂ ಸೀರೆ ಉಟ್ಟುಕೊಂಡು, ಸೈಕಲ್ ಮೇಲೆ.

ಬೇರೆ ಉಪಾಯ ಇರಲಿಲ್ಲ. ಮೊದಲ ಪಾಳಿಯೆಂದರೆ ಹೊತ್ತು ಮೂಡುವಾಗಲೇ ಗೇಟಿನ ಮುಂದೆ ನಿಂತಿರಬೇಕು. ನಮ್ಮ ಊರಿಗೆ ಬಸ್ಸು ಬರುವಷ್ಟರಲ್ಲಿ ಪೇಟೆಯವರು ತಿಂಡಿ ತಿಂದು ಕೈ ತೊಳೆದಿರುತ್ತಿದ್ದರು. ನಾನಾದರೋ ಇನ್ನೂ ಟೆಂಪರರಿ. ತಡವಾಗಿ ಬರುವವರನ್ನು ಪರ್ಮನೆಂಟ್ ಮಾಡುವುದಿಲ್ಲವೆಂದು ಸೂಪರ್‌ವೈಸರ್ ಮೊದಲ ದಿನವೇ ತಮಿಳಿನಲ್ಲಿ ಹೇಳಿ, ಯಾರಾದರೂ ಅರ್ಥವಾಗಲಿಲ್ಲವೆಂದು ನೆಪ ಹೇಳಿಯಾರು ಎಂದು ಇನ್ನೊಮ್ಮೆ ತೆಲುಗಿನಲ್ಲೂ ಹೇಳಿದ್ದ.

ಆ ಕೆಲಸ ನನಗೆ ಬೇಕೇ ಬೇಕಾಗಿತ್ತು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಅದರದರ ಜಾಗದಲ್ಲಿ ಕೂರಿಸುವುದು. ಹೊಲದಲ್ಲಿ ಕಳೆ ಕೀಳುವಾಗ ಕೈ ನಿಧಾನವೆಂದು ಬೈಸಿಕೊಂಡು ಬೆಳೆದವಳು ನಾನು. ಅಲ್ಲಿ ಅದೇ ಕೈಯನ್ನು ಹೊಗಳಿದರು. ಅಷ್ಟು ಸುಖವಾಗಿ ನಾನು ಅದುವರೆಗೆ ಎಲ್ಲಿಯೂ ಕೂತಿರಲಿಲ್ಲ.

ಅಪ್ಪ ಸೈಕಲ್ ಕೊಡಿಸಿದ್ದು ಮಾತ್ರ ನಗುನಗುತ್ತಾ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಬಾವಿ ಇಳಿಯುತ್ತಿದ್ದರು, ಹುಣಿಸೆ ಮರ ಹತ್ತುತ್ತಿದ್ದರು, ಎತ್ತಿನ ಗಾಡಿಯನ್ನೂ ಹೊಡೆಯುತ್ತಿದ್ದರು. ಸೈಕಲ್ ಮಾತ್ರ ಯಾಕೋ ಮರ್ಯಾದೆಯ ವಿಷಯವಾಗಿಬಿಟ್ಟಿತ್ತು. ಇದು ಯಾವ ನ್ಯಾಯವೆಂದು ನಾನು ಮೂರು ಹೊತ್ತೂ ಜಗಳ ತೆಗೆದ ಮೇಲೆ ಅಪ್ಪ ಹೊಸೂರಿನಿಂದ ಹಳೆಯದೊಂದು ಲೇಡೀಸ್ ಸೈಕಲ್ ತಂದು ಜಗಲಿಗೆ ಒರಗಿಸಿ, ಊರಿಗೆಲ್ಲ ಕೇಳುವಂತೆ ಶರತ್ತು ಹಾಕಿದ.

“ಒಂದ್ ಕಿತ ಬಿದ್ದೆ ಅಂದ್ರೆ ಅವತ್ತೇ ಮಾರ್ಬುಡ್ತೀನಿ. ಆಮೇಕೆ ಕಾರ್ಖಾನೆ ಗೀರ್ಖಾನೆ ಏನೂ ಇಲ್ಲ. ಕೈಕಾಲು ಮುರ್ಕೊಂಡ ಹುಡ್ಗೀನ ಯಾವನು ಕಟ್ಕೋತಾನೆ?”

ಈ ಮಾತು ಹಿಟ್ಟಿನ ಗಿರಣಿಯವನ ಕಿವಿಗೂ ಬಿತ್ತು. ಮೂಟೆ ಹೇರಲು ಲೇಡೀಸ್ ಸೈಕಲ್ಲೇ ವಾಸಿ, ನಡುವೆ ಕಂಬಿ ಅಡ್ಡ ಬರುವುದಿಲ್ಲವೆಂದು ಅವನ ಲೆಕ್ಕ. ಹುಡುಗಿ ಬಿದ್ದ ದಿನ ಸೈಕಲ್ಲನ್ನು ತನಗೇ ಮಾರಬೇಕೆಂದು ಅಪ್ಪನಿಂದ ಮಾತು ತೆಗೆದುಕೊಂಡ. ಅಂದಿನಿಂದ ನಾನು ಗಿರಣಿಯ ಮುಂದೆ ಹಾದಾಗಲೆಲ್ಲ, ಹಿಟ್ಟು ಮೆತ್ತಿದ ಹುಬ್ಬು ಎತ್ತಿ, ಇವತ್ತು ಬಿದ್ದೆಯಾ ಎಂದು ವಿಚಾರಿಸುತ್ತಿದ್ದ. ಮದುವೆ ಆಯಿತಾ ಎಂದು ಕೇಳುವವರಿಗಿಂತ ಇವನೇ ಎಷ್ಟೋ ಮೇಲು ಎಂದುಕೊಳ್ಳುತ್ತಿದ್ದೆ. ಒಳಗೊಳಗೇ ಉರಿಯುತ್ತಲೂ ಇತ್ತು.

ಬೀಳುವುದಕ್ಕೆ ಕಾರಣವಂತೂ ಕೆಳಗೇ ಇತ್ತು. ಸೈಕಲ್ಲಿನ ಪೆಡಲ್ ರಬ್ಬರು ಯಾರ್ಯಾರದೋ ಕಾಲಿಗೆ ಸವೆದು, ಎಣ್ಣೆ ಸವರಿದ ಹಾಗೆ ನುಣ್ಣಗಾಗಿತ್ತು. ಸಮದಾರಿಯಲ್ಲಿ ಅದು ಗೊತ್ತಾಗುವುದಿಲ್ಲ. ಬಂಡೆ ಇಳಿಯುವಾಗ ಸೀಟಿನಿಂದ ಸ್ವಲ್ಪ ಎದ್ದು, ಎರಡು ಪೆಡಲಿನ ಮೇಲೂ ಮೈಭಾರ ಬಿಟ್ಟು ನಿಲ್ಲಬೇಕು, ಇಲ್ಲದಿದ್ದರೆ ಕುಲುಕಾಟಕ್ಕೆ ಹಲ್ಲು ಉದುರುತ್ತದೆ. ಆಗ ಕಾಲು ಜಾರುತ್ತಿತ್ತು. ಜಾರಿದ ಕೂಡಲೇ ಪೆಡಲು ಗಿರ್ರನೆ ಸುತ್ತಿ ಬಂದು ಕಣಕಾಲಿನ ಮೂಳೆಗೆ ಬಡಿಯುತ್ತಿತ್ತು. ಆ ನೋವು ಉಂಡವರಿಗೇ ಗೊತ್ತು. ಬ್ರೇಕು ಹಿಡಿದು, ಇನ್ನೊಂದು ಕಾಲನ್ನು ನೆಲಕ್ಕೆ ಊರಿ, ಒಮ್ಮೆ ಬಂಡೆಯನ್ನೇ ತಬ್ಬಿಕೊಂಡು, ಹೇಗೋ ಬೀಳದೆ ಉಳಿದಿದ್ದೆ. ಪೆಡಲು ಸರಿಯಿಲ್ಲವೆಂದು ಅವ್ವನಿಗೆ ದೂರು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅರಿಶಿನ ಅರೆಯಲು ಹೋದಳು.

ಪೆಡಲು ಬದಲಾಯಿಸುವ ಬದಲು ನಾನು ಚಪ್ಪಲಿ ಬದಲಾಯಿಸತೊಡಗಿದೆ. ಹವಾಯಿ ಚಪ್ಪಲಿ ಮೊದಲನೆಯ ವಾರವೇ ಉಂಗುಟದ ಪಟ್ಟಿ ಕಿತ್ತುಕೊಂಡು ಇಳಿಜಾರಿನಲ್ಲಿ ನನಗಿಂತ ಮುಂಚೆ ಕೆಳಗೆ ಹೋಗಿ ಕಾಯುತ್ತಿತ್ತು. ಬರಿಗಾಲಿನಲ್ಲಿ ಹೋಗಿ ನೋಡಿದೆ. ಹಿಡಿತವೇನೋ ಚೆನ್ನಾಗಿತ್ತು, ಆದರೆ ಬೆಳಗಿನ ಮಂಜಿಗೆ ಪೆಡಲಿನ ಕಬ್ಬಿಣ ಅಂಗಾಲಿಗೆ ಚುಳ್ಳೆನ್ನುತ್ತಿತ್ತು. ಕೊನೆಗೆ ಶಾಲೆ ಹುಡುಗರು ಹಾಕುವ ಬಿಳಿ ಕ್ಯಾನ್ವಾಸ್ ಶೂ ತಂದೆ. ಸೀರೆಯ ಕೆಳಗೆ ಬಿಳಿ ಶೂ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಕೆರೆ ಕಟ್ಟೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು ಒಂದು ತಿಂಗಳು ನಕ್ಕರು. ನಗಲಿ ಎಂದುಕೊಂಡೆ. ಆದರೆ ಇಬ್ಬನಿಗೆ ನೆನೆದರೆ ಅದರ ತಳವೂ ಜಾರುವುದೇ. ಈ ಓಡಾಟದಲ್ಲಿ ನಾನು ಕಲಿತದ್ದು ಇಷ್ಟು: ತಳ ಗಟ್ಟಿಯಾದರೆ ಜಾರುತ್ತದೆ, ದಪ್ಪವಾದರೆ ಪೆಡಲು ಎಲ್ಲಿದೆಯೆಂದೇ ಕಾಲಿಗೆ ತಿಳಿಯುವುದಿಲ್ಲ, ಮೆತ್ತಗೆ ತೆಳ್ಳಗಿದ್ದರೆ ಕಾಲು ಪೆಡಲಿನ ಮೇಲೆ ಕೂರುತ್ತದೆ. ಆದರೆ ಕೂರುವುದಕ್ಕೆ ಕೆಳಗೆ ಏನಾದರೂ ಇರಬೇಕಲ್ಲ.

ಈಗ ನನ್ನ ತಮ್ಮನ ಮಗ ಬೆಟ್ಟ ಗುಡ್ಡ ಹತ್ತಿ ಇಳಿಯುವ ಸೈಕಲ್ಲೊಂದನ್ನು ಇಟ್ಟುಕೊಂಡಿದ್ದಾನೆ. ಅದರ ಪೆಡಲು ದೋಸೆ ಮಗುಚುವ ಕೈಯಷ್ಟು ಅಗಲ, ಚಪ್ಪಟೆ. ಮೇಲೆಲ್ಲ ಸಣ್ಣ ಸಣ್ಣ ಮೊಳೆ. ಅದಕ್ಕೆಂದೇ ಬೇರೆ ಶೂ. ಅವನು ಅದರ ಗುಣಗಾನ ಮಾಡುವಾಗ ನಾನು ಸುಮ್ಮನೆ ಕಾಫಿ ಕುಡಿಯುತ್ತಿರುತ್ತೇನೆ. ಈ ಪಾಠವೆಲ್ಲ ನನ್ನ ಕಣಕಾಲಿನ ಮೇಲೆ ಎಂದೋ ಬರೆದಾಗಿದೆ.

ಅವ್ವ ಅರಿಶಿನ ಹಚ್ಚುವುದನ್ನು ಒಂದು ದಿನ ಅಪ್ಪ ನೋಡಿಬಿಟ್ಟ. ಸೈಕಲ್ ಹೋಯಿತೆಂದೇ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಆದರೆ ಅವನು ಬಿದ್ದೆಯಾ ಎಂದು ಕೇಳಿ, ಇಲ್ಲ, ಕಾಲು ಜಾರಿತು ಎಂದು ನಾನು ಹೇಳಿದ ಮೇಲೆ, ತನ್ನ ಟೈರ್ ಮೆಟ್ಟನ್ನು ತೋರಿಸಿ, ಹೊಲ ಗದ್ದೆ ಕೆಸರು ಯಾವುದರಲ್ಲೂ ಇದು ಜಾರಿದ್ದಿಲ್ಲ, ಮೂಲೆಯಲ್ಲಿ ಬಿದ್ದಿರುವ ನಿನ್ನ ಹಳೆಯ ತೊಗಲಿನ ಮೆಟ್ಟಿಗೂ ಟೈರಿನ ತಳ ಹಾಕಿಸಿಕೊಡುತ್ತೇನೆ ಎಂದ. ಚಪ್ಪಲಿಗೆ ನಮ್ಮ ಮನೆಯಲ್ಲಿ ಮೆಟ್ಟು ಎಂದೇ ಹೇಳುತ್ತಿದ್ದುದು.

ನನಗೆ ರಜೆಯಿದ್ದ ಸಂತೆಯ ದಿನ, ಅಪ್ಪ ಹುರುಳಿಕಾಯಿ ಮೂಟೆಯನ್ನು ನನ್ನ ಸೈಕಲ್ ಮೇಲೆ ಹೇರಿಕೊಂಡು, ಚಪ್ಪಲಿಯ ಚೀಲವನ್ನು ಹ್ಯಾಂಡಲಿಗೆ ನೇತುಹಾಕಿ ಹೊಸೂರಿಗೆ ಹೋದ. ಚಪ್ಪಲಿ ಹೊಲಿಯುವವನು ಕೂರುತ್ತಿದ್ದುದು ಒಂದು ಸೈಕಲ್ ಶಾಪಿನ ಜಗಲಿಯ ಮೇಲೆ. ಅವನಿನ್ನೂ ಬಂದಿರಲಿಲ್ಲ. ಕಾಯುತ್ತಾ ಕೂತರೆ ಕಾಯಿ ಬಾಡುತ್ತದೆ. ಮೂಟೆ ಇಳಿಸಿ ಕೂಲಿಯವನ ತಲೆಗೇರಿಸಿ, ಸೈಕಲ್ಲನ್ನೂ ಚೀಲವನ್ನೂ ಅಲ್ಲೇ ಬಿಟ್ಟು, ಹೊಲಿಯುವವನು ಬಂದರೆ ತಿಳಿಸಲೆಂದು ಶಾಪಿನವನಿಗೆ ಮಾತು ಹೇಳಿ ಹೊರಟ.

ಶಾಪಿನವನ ಮನೆಮಾತು ತೆಲುಗು. ಅಪ್ಪನಿಗೆ ಒಂದು ಅಭ್ಯಾಸವಿತ್ತು. ಯಾರಿಂದಲಾದರೂ ಕೆಲಸ ಆಗಬೇಕಾದರೆ ಅವರ ಮನೆಮಾತಿನಲ್ಲೇ ಕೇಳಬೇಕು, ಆಗ ಇಲ್ಲ ಎನ್ನುವುದಿಲ್ಲ ಎನ್ನುತ್ತಿದ್ದ. ಶಾಪಿನವನಿಗೆ ಕನ್ನಡ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದರೂ, ಅಪ್ಪ ಹೇಳಿದ್ದು ತೆಲುಗಿನಲ್ಲಿ.

“ಮಾ ಅಮ್ಮಾಯಿ ಮೆಟ್ಟುಕಿ ಟೈರ್ ಏಸಿಪೆಟ್ಟು. ಕಾಲು ಜಾರ್ತಾ ಉಂದಿ.”

ನಮ್ಮ ಹುಡುಗಿಯ ಮೆಟ್ಟಿಗೆ ಟೈರ್ ಹಾಕಿಡು, ಕಾಲು ಜಾರುತ್ತಿದೆ ಎಂದು. ಎಲ್ಲ ತೆಲುಗೇ, ನಡುವೆ ಮೆಟ್ಟು ಒಂದು ಮಾತ್ರ ನಮ್ಮ ಕನ್ನಡದ್ದು. ತೆಲುಗಿನಲ್ಲಿ ಚಪ್ಪಲಿಗೆ ಚೆಪ್ಪು. ಮೆಟ್ಟು ಎಂದರೆ ಮೆಟ್ಟಿಲು, ಕಾಲಿಟ್ಟು ಹತ್ತುವ ಜಾಗ. ಸೈಕಲ್ ಶಾಪಿನವನ ಮುಂದೆ ಸೈಕಲ್ ನಿಲ್ಲಿಸಿ, ಕಾಲಿಡುವ ಜಾಗಕ್ಕೆ ಟೈರ್ ಹಾಕು, ಜಾರುತ್ತಿದೆ ಎಂದರೆ ಅವನು ತಾನೇ ಏನು ಮಾಡಿಯಾನು? ಹಳೆಯ ಸ್ಕೂಟರ್ ಟೈರು ಕತ್ತರಿಸಿ, ಹಲ್ಲುಹಲ್ಲಾಗಿದ್ದ ಕಡೆಯನ್ನು ಹೊರಗೆ ಮಾಡಿ, ಎರಡೂ ಪೆಡಲಿನ ಮೇಲೂ ಕೆಳಗೂ ಕೂರಿಸಿ, ನಟ್ಟು ಬೋಲ್ಟು ಹಾಕಿ ಬಿಗಿದುಬಿಟ್ಟ. ಚೀಲವನ್ನು ಮುಟ್ಟಿಯೂ ನೋಡಿರಲಿಲ್ಲ.

ಸಂತೆ ಮುಗಿಸಿ ಬಂದ ಅಪ್ಪ ಅದನ್ನು ನೋಡಿ ಮೂರು ಭಾಷೆಯಲ್ಲೂ ಬೈದನಂತೆ. ಶಾಪಿನವನು ತಣ್ಣಗೆ, ಮೆಟ್ಟು ಅಂದರೆ ಮೆಟ್ಟೇ ಅಲ್ಲವೇ ಅಣ್ಣ ಎಂದನಂತೆ. ಇದನ್ನು ಮುಂದೆ ಒಂದು ದಿನ ನನಗೆ ಹೇಳಿದವನು ಆ ಶಾಪಿನವನೇ. ಇನ್ನೊಂದನ್ನೂ ಹೇಳಿದ. ಜಗಳವಾದ ಮೇಲೆ ಅಪ್ಪ ಅಲ್ಲೇ ಬೀಡಿ ಹಚ್ಚಿ ಕೂತು, ನಮ್ಮ ಹುಡುಗಿ ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುತ್ತಾಳೆ ಎಂದು ಗಾಳಿ ಹಾಕಿಸಿಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಮನೆಯಲ್ಲಿ ಆ ಸ್ಕ್ರೂಗಳ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿದವನಲ್ಲ.

ಇಳಿಹೊತ್ತಿಗೆ ಮನೆಗೆ ಬಂದವನೇ ಮುಖ ಗಂಟು ಹಾಕಿಕೊಂಡು ಸ್ಪ್ಯಾನರ್ ಹುಡುಕಿದ. ಈ ಕೋತಿ ಕೆಲಸವನ್ನು ಬಿಚ್ಚಿ ಎಸೆಯುತ್ತೇನೆಂದು ಅವನ ಹಟ. ನಾನು ಚೀಲದಲ್ಲಿದ್ದ ಚಪ್ಪಲಿ ಹಾಕಿಕೊಂಡು ಪೆಡಲಿನ ಮೇಲೆ ಕಾಲಿಟ್ಟು ನೋಡಿದೆ. ನನ್ನ ಹಳೆಯ ತೊಗಲಿನ ಚಪ್ಪಲಿಯ ಮೆತ್ತನೆಯ ತಳ ಟೈರಿನ ಹಲ್ಲುಗಳ ನಡುವೆ ಇಳಿದು ಕೂತಿತು. ಒದರಿದರೂ ಅಲ್ಲಾಡಲಿಲ್ಲ. ಬಿಚ್ಚುವ ಮುಂಚೆ ಒಂದು ಸಲ ಬಂಡೆ ಇಳಿದು ತೋರಿಸುತ್ತೇನೆ ಎಂದೆ. ಹಾಗಾದರೆ ನಾನೂ ಬರುತ್ತೇನೆ ಎಂದು ಅಪ್ಪ ಹೆಗಲ ಮೇಲಿನ ಟವಲು ಕೊಡವಿ ಹೊರಟ. ಅಲ್ಲಿಯವರೆಗೆ ನಾನು ಬಂಡೆ ಇಳಿಯುವುದನ್ನು ಅವನು ಕಣ್ಣಾರೆ ಕಂಡಿರಲಿಲ್ಲ.

ಮೇಲಿನವರೆಗೆ ಸೈಕಲ್ ತಳ್ಳಿಕೊಂಡು ಹೋಗಿ, ಸೆರಗು ಸಿಕ್ಕಿಸಿ ಹತ್ತಿದೆ. ಏನು ಹೇಳಲಿ, ಆ ಇಳಿತದ ಸುಖ ಇಂದಿಗೂ ನನ್ನ ಕಾಲಿನಲ್ಲಿದೆ. ಸೀಟಿನಿಂದ ಎದ್ದು ನಿಂತೆ, ಕಲ್ಲಿನ ಮೇಲೆ ಚಕ್ರ ಕುಣಿಯಿತು, ಕಾಲು ಮಾತ್ರ ಕದಲಲಿಲ್ಲ. ಹೆದರಿ ಹೆದರಿ ಇಳಿಯುತ್ತಿದ್ದ ಜಾಗದಲ್ಲೆಲ್ಲ ಬ್ರೇಕು ಬಿಟ್ಟೆ. ಹಿಂದಿನಿಂದ ಅಪ್ಪ ಮೆಲ್ಲಗೆ, ಮೆಲ್ಲಗೆ ಎಂದು ಓಡಿ ಬರುವುದು ಕೇಳಿಸುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಎಲ್ಲ ಮುಗಿಯಿತೆನ್ನುವಾಗ, ಸಮ ನೆಲಕ್ಕೆ ಇನ್ನೇನು ಬಂದೆ ಎನ್ನುವಾಗ, ಮುಂದಿನ ಚಕ್ರ ಮಳೆನೀರು ಕೊರೆದ ಕೊರಕಲಿಗೆ ಇಳಿದು ನಿಂತುಬಿಟ್ಟಿತು. ಮೊದಲಾಗಿದ್ದರೆ ಕಾಲು ತಾನೇ ಜಾರಿ ನೆಲಕ್ಕೆ ಬಂದು ನನ್ನನ್ನು ಉಳಿಸುತ್ತಿತ್ತು. ಈಗ ಎತ್ತುವುದಕ್ಕೂ ಬಿಡದಂತೆ ಟೈರು ಹಿಡಿದುಕೊಂಡಿತ್ತು. ಪೆಡಲಿನ ಮೇಲೆ ಎರಡು ಕಾಲೂ ಹಾಗೇ ಇದ್ದಂತೆ, ಹ್ಯಾಂಡಲ್ ಹಿಡಿದ ಕೈ ಹಾಗೇ ಇದ್ದಂತೆ, ಸೈಕಲ್ ಸಮೇತ ಪಕ್ಕಕ್ಕೆ ಧೊಪ್ಪೆಂದು ಒರಗಿದೆ. ಅದೂ ಅಪ್ಪನ ಕಣ್ಣೆದುರಿಗೆ.

ಮೊಣಕೈ ತರಚಿತ್ತು, ಸೀರೆಗೆಲ್ಲ ಕೆಮ್ಮಣ್ಣು. ನೋವಿಗೆ ಅಳು ಬರಲಿಲ್ಲ. ಆ ಭೂತಗನ್ನಡಿ, ಆ ಬೆಂಚು, ಅಲ್ಲಿ ಪಕ್ಕದಲ್ಲಿ ಕೂತು ಊಟದ ಡಬ್ಬಿ ಹಂಚಿಕೊಳ್ಳುವ ಹುಡುಗಿಯರು, ಎಲ್ಲ ಕೈಬಿಟ್ಟು ಹೋದಂತಾಯಿತು. ಶರತ್ತು ಶರತ್ತೇ. ಆಡಿದ ಮಾತಿಗೆ ತಪ್ಪದವನು ಎಂದು ಅಪ್ಪನಿಗೆ ಸುತ್ತಮುತ್ತಲ ಊರಲ್ಲೆಲ್ಲ ಹೆಸರಿತ್ತು. ಅವನು ಏದುಸಿರು ಬಿಡುತ್ತಾ ಬಂದು ನನ್ನ ಕೈಕಾಲು ಮುಟ್ಟಿ ನೋಡಿದ. ಆಮೇಲೆ ಸೈಕಲ್ ಎತ್ತಿ ನಿಲ್ಲಿಸಿ, ಪೆಡಲಿನ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ.

“ಕಾಲು ಜಾರ್ತಾ?” ಎಂದ.

“ಇಲ್ಲಪ್ಪ.”

ಅಷ್ಟೇ. ಸೈಕಲ್ಲನ್ನು ನನಗೆ ಕೊಡದೆ ತಾನೇ ತಳ್ಳಿಕೊಂಡು, ಬಂಡೆ ಬಿಟ್ಟು ಗಾಡಿ ದಾರಿ ಹಿಡಿದು ಊರ ಕಡೆ ನಡೆದ. ಹಿಂದೆ ನಾನು. ಆ ದಾರಿಯಲ್ಲಿ ಊರಿನ ಮೊದಲ ಕಟ್ಟಡವೇ ಗಿರಣಿ. ಮಾರುವುದಕ್ಕೇ ಈ ದಾರಿ ಹಿಡಿದನೆಂದು ನನಗೆ ಖಾತ್ರಿಯಾಯಿತು.

ಗಿರಣಿಯವನು ನನ್ನ ಸೀರೆಯ ಮಣ್ಣನ್ನು ದೂರದಿಂದಲೇ ಕಂಡ. ಸಂತೆಯಿಂದ ಬಂದವರು ನಾಲ್ಕಾರು ಮಂದಿ ಅವನ ಕಟ್ಟೆಯ ಮೇಲೆ ಕೂತಿದ್ದರು. ಅವನು ಎದ್ದು, ಕೈ ಕೊಡವಿಕೊಂಡು, ದಾರಿಗೆ ಅಡ್ಡ ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದ. ಕೊನೆಗೂ ಬಿದ್ದಳಾ ಅಣ್ಣ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ಅಪ್ಪ ಕಟ್ಟೆಯ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ.

“ಬಿದ್ದಿದ್ದು ಸೈಕಲ್ಲು ಕಣ್ಲಾ. ಇವ್ಳು ಅದ್ರ ಮ್ಯಾಲೇ ಇದ್ಲು,” ಎಂದ. “ಕೈ ತೆಗಿ, ದಾರಿ ಬುಡು. ನಾಳೆ ಇವ್ಳಿಗೆ ಫಸ್ಟ್ ಶಿಫ್ಟು.”