ಹನ್ನೆರಡಕ್ಕೆ ಬೋರಲಾಗುವ ಬುಟ್ಟಿ

ಅವರ ನೆತ್ತಿಯ ನಡುವೆ ರೂಪಾಯಿ ಅಗಲದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಮೂವತ್ತು ವರ್ಷ ಮಣ್ಣಿನ ಬುಟ್ಟಿ ಹೊತ್ತು ಸವೆದ ಜಾಗ ಅದು. ಸೆರಗು ಜಾರಿದಾಗ ನುಣ್ಣಗೆ ಹೊಳೆಯುತ್ತಿತ್ತು. ಮುಚ್ಚಿಕೊಳ್ಳುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. "ಇದ ನನ್ನ ಸರ್ವಿಸ್ ಬುಕ್ಕ ನೋಡ್ರಿ" ಎಂದು ನಮ್ಮ ಕಚೇರಿಯಲ್ಲಿ ತಲೆ ಬಾಗಿಸಿ ತೋರಿಸುತ್ತಿದ್ದರು. ಆ ಮಾತಿಗೆ ಮೊದಮೊದಲು ನಾವು ಗುಮಾಸ್ತರೆಲ್ಲ ನಗುತ್ತಿದ್ದೆವು.

ಟಿಕೋಟಾ ಸುತ್ತಿನ ಸರ್ಕಾರಿ ಕಾಮಗಾರಿಗಳಲ್ಲಿ ಮಣ್ಣು ಹೊರುವ ಹೆಂಗಸರ ಗುಂಪಿಗೆ ಅವರು ಮುಕಾದಮರು, ಅಂದರೆ ಮುಂದಾಳು. ಎಲ್ಲರೂ ಮುಕಾದಮವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೈಗಡಿಯಾರ ಕಟ್ಟಿದವರಲ್ಲ. ತಮಗೆ ಬಿಸಿಲು ಬಡಿಯದಿರಲೆಂದು ಸೆರಗಿನ ತುದಿಯಲ್ಲಿ ಒಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಗಂಟು ಕಟ್ಟಿಕೊಂಡಿರುತ್ತಿದ್ದರು. ತಮ್ಮ ನೆರಳು ಕಾಲಬುಡಕ್ಕೆ ಬಂತೆಂದರೆ ತಲೆಯ ಮೇಲಿನ ಕಬ್ಬಿಣದ ಬುಟ್ಟಿ ಇಳಿಸಿ ನೆಲಕ್ಕೆ ಬೋರಲು ಹಾಕುತ್ತಿದ್ದರು. ಅಷ್ಟೇ. ಅವರದಾದ ಮೇಲೆ ಸಾಲಿನುದ್ದಕ್ಕೂ ಬುಟ್ಟಿಗಳು ಬೋರಲಾಗುತ್ತಿದ್ದವು. ಅವರು ಮತ್ತೆ ಮೇಲೆತ್ತುವ ತನಕ ಯಾರೂ ಸಲಿಕೆ ಮುಟ್ಟುತ್ತಿರಲಿಲ್ಲ.

ಈ ಪದ್ಧತಿ ಶುರುವಾದದ್ದು ಒಂದು ಸಾವಿನಿಂದ. ಕಳ್ಳಕವಟಗಿ ಕಡೆ ಕಾಲುವೆ ಕೆಲಸ ನಡೆದಾಗ, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಅವರ ಗುಂಪಿನ ಹೆಣ್ಣುಮಗಳೊಬ್ಬಳು ಬುಟ್ಟಿ ಹೊತ್ತಂತೆಯೇ ಕುಸಿದಳು, ಮತ್ತೆ ಏಳಲಿಲ್ಲ. ಅಂದಿನಿಂದ ಮುಕಾದಮವ್ವ ಪ್ರತಿ ಸೋಮವಾರ ಕಚೇರಿಗೆ ಬರತೊಡಗಿದರು. ಮಧ್ಯಾಹ್ನದ ಹೊತ್ತು ಕೆಲಸ ನಿಲ್ಲಿಸಬೇಕು, ಅದನ್ನು ಕಾಗದದ ಮೇಲೆ ಬರೆದು ಕೊಡಬೇಕು ಎಂಬ ಒಂದೇ ಬೇಡಿಕೆ. ಎರಡು ವರ್ಷದ ಮೇಲೆ ಸರ್ಕಾರ ಹವಾಮಾನ ಬದಲಾವಣೆಯ ಯೋಜನೆ ಮಾಡಿದಾಗ ಅದರೊಳಗೆ ಇದೂ ಬಂತು. ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಬಯಲಿನ ಕೆಲಸ ಕಡ್ಡಾಯವಾಗಿ ಬಂದ್, ನೆರಳು ಮತ್ತು ನೀರು ಕಡ್ಡಾಯ. ತಾವು ಬಂದು ಹೋಗಿದ್ದಕ್ಕೇ ಇದಾಯಿತೆಂದು ಅವರು ನಂಬಿದ್ದರು. ನಾನು ತಿದ್ದಲಿಲ್ಲ. ಈಗ ಅನಿಸುತ್ತದೆ, ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮೂರನೆಯ ಬೇಸಿಗೆಗೆ ಸರ್ಕಾರ ಆ ಯೋಜನೆಯನ್ನೇ ಸಡಿಲಿಸಿತು. ಹೂಡಿಕೆಗೆ ತೊಂದರೆ, ಕಾಮಗಾರಿಗೆ ವಿಳಂಬ ಎಂಬ ಕಾರಣಗಳು. ವಿಜಯಪುರದ ಗಾಂಧಿ ಚೌಕದಲ್ಲಿ ಅದೇ ಯೋಜನೆಯಡಿ ಬೇಸಿಗೆಗೆ ಸಂದಿಗಳ ಮೇಲೆ ಕಟ್ಟುತ್ತಿದ್ದ ಹಸಿರು ಪರದೆ ಆ ವರ್ಷ ಬರಲಿಲ್ಲ. ವ್ಯಾಪಾರಿಗಳು ನಾಲ್ಕು ದಿನ ಗೊಣಗಿ, ಐದನೆಯ ದಿನ ತಮ್ಮ ತಮ್ಮ ಅಂಗಡಿಗೆ ತಾಡಪತ್ರಿ ಕಟ್ಟಿಕೊಂಡರು. ಕಾಲೇಜು ಹುಡುಗಿಯರು ಈ ಸಡಿಲಿಕೆಯ ವಿರುದ್ಧ ಸಹಿ ಸಂಗ್ರಹಿಸಿದರು. ನಾನೂ ಒಂದು ಸಹಿ ಹಾಕಿ, ಬಸ್ಸು ಹತ್ತಿ ಕಚೇರಿಗೆ ಬಂದು, ಅದೇ ಸಡಿಲಿಸಿದ ಆದೇಶಕ್ಕೆ ಮೊಹರು ಒತ್ತಿ ಗುತ್ತಿಗೆದಾರರಿಗೆಲ್ಲ ರವಾನಿಸಿದೆ. ಸರ್ಕಾರಿ ನೌಕರಿ ಎಂದರೆ ಇಷ್ಟು ಸಲೀಸು.

ಸೋಮವಾರ ಮುಕಾದಮವ್ವ ಬಂದರು.

"ಏನ ಬರದಾರ ಬಾಯಾರ, ಇದರಾಗ?"

"ಭಾಳ ಏನಿಲ್ಲವ್ವಾ. ಕಡ್ಡಾಯ ಅಂತ ಇದ್ದದ್ದು ತಗದು, ಅನುಕೂಲ ಇದ್ದಲ್ಲಿ ಅಂತ ಹಾಕ್ಯಾರ. ಸಣ್ಣ ಬದಲಾವಣೆ."

"ಯಾರಿಗೆ ಅನುಕೂಲ ಇದ್ರ?"

ನಾನು ಆದೇಶದ ಹಾಳೆ ಮಗುಚಿದೆ. ಅವರು ತಲೆಯೆತ್ತಿ ಫ್ಯಾನು ನೋಡಿದರು.

"ಇದರ ಕೆಳಗ ಕುಂತ ಓದಿದ್ರ ಸಣ್ಣದ ಕಾಣತೈತ್ರಿ. ಹೊರಗ ಬರ್ರಿ. ಅಂಗಳದಾಗ ನಿಂತ ಓದ್ರಿ."

ಮಧ್ಯಾಹ್ನ ಒಂದು ಗಂಟೆ. ತಮಾಷೆಗೆಂದೇ ಎದ್ದು ಹೋದೆ. ಎರಡು ಪುಟದ ಆದೇಶ. ಮೊದಲ ಪುಟದ ಅರ್ಧಕ್ಕೆ ಅಕ್ಷರಗಳು ಕುಣಿಯತೊಡಗಿದವು, ಬೆನ್ನ ಮೇಲೆ ಬೆವರಿಳಿಯಿತು. ಎರಡನೆಯ ಪುಟ ತಿರುವುವ ಮುಂಚೆ ನಾನು ಮೆಟ್ಟಿಲ ನೆರಳಿಗೆ ಬಂದುಬಿಟ್ಟಿದ್ದೆ. ಅವರು ಬಿಸಿಲಲ್ಲೇ ನಿಂತಿದ್ದರು. "ಬರೇ ಕಾಗದ ಹಿಡದ್ರ ಹಿಂಗ. ಬುಟ್ಟಿ ಹೊತ್ರ ಹೆಂಗ, ತಂಗಿ?" ಎಂದರು. ಅಂದಿನವರೆಗೆ ಅವರಿಗೆ ನಾನು ಬಾಯಾರು, ಅಂದರೆ ಕಚೇರಿಯ ಅಮ್ಮಾವರು, ಆ ಗಳಿಗೆಯಿಂದ ತಂಗಿ. ನನಗೆ ನಾಚಿಕೆಯಾಯಿತು. ಇಂದಿಗೂ ಆ ನಾಚಿಕೆ ಹಾಗೇ ಇದೆ.

ಮರುವಾರ ಟಿಕೋಟಾ, ಬಬಲೇಶ್ವರ ಎರಡೂ ಕಡೆಯ ಹೆಂಗಸರು ಟಂಟಂ ಆಟೋಗಳಲ್ಲಿ ಬಂದಿಳಿದರು. ಘೋಷಣೆ ಇಲ್ಲ, ಮೈಕಿಲ್ಲ. ಕಚೇರಿ ಅಂಗಳದಲ್ಲಿ ಸಾಲಾಗಿ ಕೂತು ಎಲ್ಲರೂ ಮುಂದೆ ಬುಟ್ಟಿ ಬೋರಲು ಹಾಕಿದರು. ಮುಕಾದಮವ್ವ ಕೈಮುಗಿದು ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರನ್ನು ಹೊರಗೆ ಕರೆದರು.

"ನಮಗ ಓದಾಕ ಬರೂದಿಲ್ರಿ ಸಾಹೇಬ್ರ. ಇಲ್ಲಿ ನಿಂತ ಓದಿ ಹೇಳ್ರಿ, ನಾವು ಕೇಳತೇವಿ."

ಸಾಹೇಬರು ಒಳ್ಳೆಯವರು, ಓದತೊಡಗಿದರು. ಸಿಪಾಯಿ ಛತ್ರಿ ತಂದ. "ಛತ್ರಿ ಬ್ಯಾಡ್ರಿ" ಎಂದರು ಮುಕಾದಮವ್ವ, ಜೋರು ಮಾಡದೆ. "ನಮ್ಮ ಕೆಲಸದಾಗ ಛತ್ರಿ ಇಲ್ರಿ." ಸಾಹೇಬರು ಛತ್ರಿ ವಾಪಸು ಕಳಿಸಿ ಓದಿದರು. ಎರಡನೆಯ ಪುಟದಲ್ಲಿ, 'ಅನುಕೂಲವಿದ್ದಲ್ಲಿ' ಎಂಬಲ್ಲಿಗೆ ಬಂದಾಗ ನಿಂತು ಹಣೆ ಒರೆಸಿಕೊಂಡರು. ಎದುರಿನ ಸಾಲು ಅಲುಗಾಡದೆ ಕೂತಿತ್ತು. ಅವರು ಕಾಗದ ಮಡಚಿದರು. ಅದೇ ಸಂಜೆ ನನ್ನಿಂದ ಒಂದು ಪತ್ರ ಬರೆಸಿದರು: ಈ ಭಾಗಕ್ಕೆ ಹಳೆಯ ನಿಯಮವೇ ಇರಬೇಕು, ಮೇಲಿನಿಂದ ಉತ್ತರ ಬರುವವರೆಗೆ ಮಧ್ಯಾಹ್ನದ ವಿರಾಮ ಮುಂದುವರಿಯುತ್ತದೆ. ನನ್ನ ನೌಕರಿಯಲ್ಲಿ ನಾನು ಮನಸ್ಸಿಟ್ಟು ಬರೆದ ಮೊದಲ ಪತ್ರ ಅದು.

ಉತ್ತರ ಬರಲಿಲ್ಲ. ಮುಕಾದಮವ್ವ ಪ್ರತಿ ಸೋಮವಾರ ಬಂದು ಕೇಳುತ್ತಿದ್ದರು. ಇಲ್ಲ ಎಂದರೆ ಖುಷಿಯಾಗಿ ಚಹಾ ಕುಡಿದು ಹೋಗುತ್ತಿದ್ದರು. ಸರ್ಕಾರದ ವಿಳಂಬ ಬಡವರಿಗೆ ಉಪಕಾರ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈ ಸಲದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಷ್ಟು ಬೇಸಿಗೆ ಕಂಡ ಜೀವ ಎರಡು ದಿನದ ಜ್ವರಕ್ಕೆ ಹೋಯಿತು. ಮನೆಗೆ ಹೋದಾಗ ಗೋಡೆಯ ಬುದ್ಧನ ಚಿತ್ರದ ಕೆಳಗೆ ಅವರ ಬುಟ್ಟಿಯನ್ನು ತೊಳೆದು ಇಟ್ಟಿದ್ದರು. ಸೊಸೆ ಅದೇ ಗುಂಪಿನಲ್ಲಿ ದುಡಿಯುವವಳು, ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಳು.

ಸಾಹೇಬರಿಗೂ ವರ್ಗವಾಯಿತು. ಹೊಸಬರು ಹಳೆಯ ಪತ್ರಕ್ಕೆ ಇನ್ನೂ ಕೈ ಹಚ್ಚಿರಲಿಲ್ಲ. ಮಾರ್ಚ್ ಕೊನೆಗೆ ಎಂಜಿನಿಯರ್ ಜೊತೆ ನಾನು ಕಾಮಗಾರಿ ನೋಡಲು ಹೋದೆ. ಹನ್ನೆರಡು ದಾಟಿ ಇಪ್ಪತ್ತು ನಿಮಿಷ. ಗುತ್ತಿಗೆದಾರ ದಂಡೆಯ ಮೇಲೆ ನಿಂತಿದ್ದ. "ಆ ಪತ್ರ ಹಳೆ ಸಾಹೇಬರ ಕೂಡ ಹೋತು" ಎಂದು ಬೆಳಿಗ್ಗೆಯೇ ಹೇಳಿದ್ದನಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತ ಮಣ್ಣು ಹೊರುತ್ತಲೇ ಇದ್ದರು. ಎಲ್ಲರ ನೆರಳೂ ಕಾಲಬುಡದಲ್ಲಿತ್ತು. ಸೊಸೆ ಅತ್ತೆಯ ಬುಟ್ಟಿ ಹೊತ್ತು ನನ್ನ ಮುಂದೆ ಹಾದಳು. ಒಂದು ಹೆಜ್ಜೆ ತಪ್ಪಿ, ಸಾವರಿಸಿಕೊಂಡು ಮತ್ತೆ ಸಾಲಿಗೆ ಸೇರಿದಳು.

ಫೈಲನ್ನು ನೆಲಕ್ಕಿಟ್ಟೆ. ಅವಳ ತಲೆಯಿಂದ ಬುಟ್ಟಿ ಇಳಿಸಿ, ಮಣ್ಣು ಚೆಲ್ಲಿ, ಬೋರಲು ಹಾಕಿದೆ. ಕಬ್ಬಿಣ ಅಂಗೈಗೆ ಚುರ್ರೆಂದಿತು. ಇದನ್ನು ಮುಕಾದಮವ್ವ ಮೂವತ್ತು ವರ್ಷ ನೆತ್ತಿಯ ಮೇಲೆ ಹೊತ್ತಿದ್ದರು. ಒಂದೊಂದಾಗಿ ಸಾಲಿನ ಬುಟ್ಟಿಗಳು ಬೋರಲಾದವು.

"ಮೇಡಮ್, ಇದು ನಿಮ್ಮ ಕೆಲಸ ಅಲ್ಲ" ಎಂದರು ಎಂಜಿನಿಯರ್.

"ಆದೇಶ ಫೈಲಿನಾಗ ಐತ್ರಿ ಸರ್. ಇಲ್ಲೇ ಬಿಸಲಾಗ ನಿಂತು ಎರಡೂ ಪುಟ ಓದ್ರಿ, ನಾವು ಕೇಳತೇವಿ."

ಅವರು ಫೈಲನ್ನು ನೋಡಿದರು, ಆಕಾಶ ನೋಡಿದರು, ಆಮೇಲೆ ಬೇವಿನ ಮರದ ನೆರಳಿಗೆ ಹೋದರು. ಗುತ್ತಿಗೆದಾರನೂ ಹಿಂದೆಯೇ ಹೋದ. ನಾನು ಸೊಸೆಯ ಪಕ್ಕ ಕೂತೆ. ಅವಳು ಸೆರಗಿನ ಗಂಟು ಬಿಚ್ಚಿ ಉಳ್ಳಾಗಡ್ಡಿಯನ್ನು ನನ್ನ ಕೈಗಿಟ್ಟಳು. ನಾಲ್ಕು ಗಂಟೆಯವರೆಗೆ ಬುಟ್ಟಿಗಳನ್ನು ಯಾರೂ ಮುಟ್ಟಲಿಲ್ಲ.