ಗುರುಲಿಂಗಮ್ಮನ ಬೆಳ್ಳನೆಯ ಸಂಡಿಗೆ

ಗೊರೇಬಾಳದ ಗುರುಲಿಂಗಮ್ಮ ಇಪ್ಪತ್ತು ವರ್ಷದಿಂದ ಅಕ್ಕಿ ಸಂಡಿಗೆ ಮಾಡಿ ಸಿಂಧನೂರಿನ ಅಂಗಡಿಗಳಿಗೆ ಕೊಡುತ್ತಾ ಬಂದವಳು. ಗಂಡ ತೀರಿದ ಮೇಲೆ ಒಲೆ ಉರಿದದ್ದು, ಮಗಳು ಭಾಗ್ಯಶ್ರೀ ನರ್ಸಿಂಗ್ ಓದಿದ್ದು, ಎಲ್ಲ ಆ ಮಾಳಿಗೆಯ ಮೇಲೆ ಒಣಗಿದ ಸಂಡಿಗೆಯಿಂದಲೇ. ಮನೆಯ ಹಿಂದೆ ಶಿವಕಾಂತನ ಅಕ್ಕಿ ಗಿರಣಿ ಎದ್ದ ಮೇಲೆ ಅವಳಿಗೆ ಸಂಡಿಗೆಗೆ ಹಾಕುವ ಕರಿ ಎಳ್ಳಿನ ಖರ್ಚು ಉಳಿಯಿತು. ಭತ್ತದ ಹೊಟ್ಟು ಸುಟ್ಟ ಬೂದಿ ಚಿಮಣಿಯಿಂದ ಹಾರಿ ಬಂದು ಹಸಿ ಸಂಡಿಗೆಯ ಮೇಲೆ ತಾನೇ ಕೂರುತ್ತಿತ್ತು.

ಸರ್ಕಾರ ಸುಮ್ಮನೆ ಕೂತಿತ್ತು ಎಂದು ಯಾರೂ ಆಡಿಕೊಳ್ಳುವಂತಿಲ್ಲ. ಬೂದಿ ಹಿಡಿಯುವ ಯಂತ್ರ ಕೂಡಿಸಲು ಸಬ್ಸಿಡಿ ಕೊಟ್ಟಿತ್ತು, ಬೂದಿ ಹಾರಿದರೆ ದಂಡ ಎಂದು ಹೆದರಿಸಿಯೂ ಇತ್ತು. ಶಿವಕಾಂತ ಕಾಯಿದೆಗೆ ತಲೆಬಾಗುವ ಮನುಷ್ಯ. ಯಂತ್ರ ಕೂಡಿಸಿದ, ಪೂಜೆ ಮಾಡಿಸಿದ, ಪೇಢೆ ಹಂಚಿದ. ಅದನ್ನು ಓಡಿಸಲೂಬೇಕು ಎಂಬುದು ಮಾತ್ರ ಅವನ ಮನಸ್ಸಿಗೆ ಬರಲಿಲ್ಲ, ಯಾಕೆಂದರೆ ಅದರ ಕರೆಂಟ್ ಬಿಲ್ಲು ದಂಡಕ್ಕಿಂತ ಜಾಸ್ತಿಯಿತ್ತು. ಮಾಲಿನ್ಯ ಮಂಡಳಿಯ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಹಿಂದಿನ ದಿನವೇ ಗಿರಣಿಗೆ ಮುಟ್ಟುತ್ತಿತ್ತು. ಆವತ್ತೊಂದು ದಿನ ಯಂತ್ರ ಗುರುಗುಟ್ಟುತ್ತಿತ್ತು.

ಓಣಿಯ ಹೆಂಗಸರು ಇದನ್ನೂ ರೂಢಿ ಮಾಡಿಕೊಂಡರು. ಮುಂಜಾನೆ ಯಂತ್ರದ ಸದ್ದು ಕೇಳಿದರೆ ಸಾಕು, ಕೌದಿ ಒಗೆಯುವವರು ಒಗೆಯುತ್ತಿದ್ದರು, ಮೆಣಸಿನಕಾಯಿ ಹರವುವವರು ಹರವುತ್ತಿದ್ದರು, ಗುರುಲಿಂಗಮ್ಮ ಹಿಟ್ಟು ಕುದಿಯಲಿಡುತ್ತಿದ್ದಳು. ಆದರೆ ವರ್ಷಕ್ಕೆ ಬೂದಿಯಿಲ್ಲದ ಎರಡು ದಿನದ ಬಿಸಿಲಿನಲ್ಲಿ ಯಾರ ಹೊಟ್ಟೆ ತುಂಬೀತು? ಅಂಗಡಿಯ ದಾವಲ್‌ಸಾಬ್ ಇನ್ನು ಕರಿ ಸಂಡಿಗೆ ತರಬೇಡಿ ಎಂದ ದಿನ ಅವಳು ಮಗಳ ಕೈಯಿಂದ ಅರ್ಜಿ ಬರೆಸಿದಳು. ಬೂದಿ ಬಿದ್ದು ನನ್ನ ಸಂಡಿಗೆ ಕರ್ರಗಾಗುತ್ತಿವೆ, ತಾವೇ ಬಂದು ನೋಡಬೇಕು ಎಂದು.

ಏಳು ತಿಂಗಳ ಮೇಲೆ ಒಂದು ಮುಂಜಾನೆ ಯಂತ್ರ ಗುರುಗುಟ್ಟಿತು. ಗುರುಲಿಂಗಮ್ಮನಿಗೆ ಅರ್ಜಿ ನೆನಪಾಗಲಿಲ್ಲ, ಬಿಸಿಲು ಕಂಡಿತು. ಹತ್ತು ಸೇರು ಅಕ್ಕಿಯ ಹಿಟ್ಟು ಕುದಿಸಿ, ಹಳೆ ಸೀರೆ ಹಾಸಿ, ಮಾಳಿಗೆ ತುಂಬ ಸಂಡಿಗೆ ಇಟ್ಟಳು. ಮಧ್ಯಾಹ್ನಕ್ಕೆ ಸಾಹೇಬರು ಅವಳ ಅರ್ಜಿ ಹಿಡಿದು ಅವಳದೇ ಏಣಿ ಹತ್ತಿ ಬಂದರು.

"ಕರ್ರಗಾಗ್ಯಾವ ಅಂತ ಬರ್ದೀರಿ. ಮಲ್ಲಿಗಿ ಹೂವಿನಂಗ ಅದಾವಲ್ಲಮ್ಮ?"

"ನೀವು ಬರ್ತೀರಂತ ಇವತ್ತ ಮಿಷನ್ ಚಾಲು ಮಾಡ್ಯಾರ್ರೀ ಸಾಹೇಬ್ರ. ನಾಳೆ ಬರ್ರಿ, ಯಾರಿಗೂ ಹೇಳ್ದ ಬರ್ರಿ."

"ನಾಳೆ ನಾ ಮಸ್ಕಿಗೆ ಹೋಗಬೇಕು. ಕಣ್ಣಿಗೆ ಕಂಡದ್ದಷ್ಟ ಬರಿಯಾವ ನಾ."

ಸಾಹೇಬರು ಬಲು ಪ್ರಾಮಾಣಿಕರು. ಶಿವಕಾಂತ ತರಿಸಿದ ಎಳನೀರನ್ನೂ ಮುಟ್ಟಲಿಲ್ಲ. ನಾಲ್ಕೂ ಮೂಲೆಯಿಂದ ಫೋಟೊ ಹೊಡೆದರು, ಒಂದರಲ್ಲಿ ಗುರುಲಿಂಗಮ್ಮನನ್ನೂ ನಿಲ್ಲಿಸಿದರು. ಅಲ್ಲೇ ಕೂತು ವರದಿ ಬರೆದು ಓದಿ ಹೇಳಿದರು: ಯಂತ್ರ ಚಾಲ್ತಿಯಲ್ಲಿದೆ, ಬೂದಿ ಕಂಡುಬಂದಿಲ್ಲ, ಅರ್ಜಿದಾರರ ಸಂಡಿಗೆ ಬೆಳ್ಳಗಿವೆ, ಅರ್ಜಿ ಮುಕ್ತಾಯ. ಸಿಟ್ಟಿಗೆ ಅವಳ ಕಣ್ಣು ತುಂಬಿ ಬಂದವು. ಶಿವಕಾಂತನಿಗೆ ಬೇಕಾದ ಸಾಕ್ಷಿಯನ್ನು ತನ್ನ ಕೈಯಾರೆ ಮಾಳಿಗೆ ತುಂಬ ಹರವಿಟ್ಟಿದ್ದಳು. ಸುಳ್ಳಿದ್ದ ಕಡೆ ಬೆರಳಿಟ್ಟು ತೋರಿಸಿ, ಹೊಡೆದುಹಾಕುತ್ತೇನೆ ಎಂದರು ಸಾಹೇಬರು. ಅವಳು ಎರಡು ಸಲ ಓದಿಸಿ ಕೇಳಿದಳು. ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡಿದಳು.